ಹೊಟ್ಟೆಪಾಡು ಮತ್ತು ಪ್ರಜಾಪ್ರಭುತ್ವ: ಪೀಣ್ಯದ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. ವಯಸ್ಸು 38. ಎರಡು ವರ್ಷದ ಹಿಂದೆ ನಮ್ಮ ಮನೆಯವರು ಕಟ್ಟಡದ ಕೆಲಸದಲ್ಲಿ ಮೇಲಿನಿಂದ ಬಿದ್ದು, ಬೆನ್ನಿಗೆ ಪೆಟ್ಟಾಗಿ ಮನೆಯಲ್ಲೇ ಇದ್ದಾರೆ. ಮಗ ಪಿಯುಸಿ ಓದುತ್ತಿದ್ದಾನೆ. ಎರಡು ಸಂಘದ ಸಾಲಕ್ಕೆ ವಾರವಾರ ಕಂತು ಕಟ್ಟಬೇಕು. ಡಿಗ್ರಿ ಓದುವಾಗ ವಿದ್ಯಾರ್ಥಿ ಸಂಘಟನೆಯಲ್ಲಿ ಓಡಾಡಿದವಳು ನಾನು. ಆಗಿನ ಸ್ನೇಹಿತರು ಈಗಲೂ ಪ್ರತಿಭಟನೆಗೆ ಕರೆಯುತ್ತಾರೆ, ‘ಇಂಥ ಕಾಲದಲ್ಲಿ ಸುಮ್ಮನಿರುವುದೂ ತಪ್ಪು’ ಎನ್ನುತ್ತಾರೆ. ಹೋದರೆ ಒಂದು ದಿನದ ಸಂಬಳ, ಹಾಜರಿ ಬೋನಸ್ ಎರಡೂ ಹೋಗುತ್ತವೆ. ಜೊತೆಗೆ ಭಯವೂ ಇದೆ. 2016ರ ಪಿಎಫ್ ಗಲಾಟೆಯಲ್ಲಿ ನಾನೂ ರಸ್ತೆಗೆ ಇಳಿದಿದ್ದೆ, ಆದರೆ ಅದು ರಾಜಕೀಯವಲ್ಲ, ಹೊಟ್ಟೆಯ ಸಿಟ್ಟು. ರಾತ್ರಿ ಫೋನ್ ನೋಡಿದರೆ ದೇಶದ ಚಿಂತೆ, ಬೆಳಿಗ್ಗೆ ಎದ್ದರೆ ಕಂತಿನ ಚಿಂತೆ. ಎರಡಕ್ಕೂ ನಾನು ಸಾಲದವಳು ಅನಿಸುತ್ತದೆ. ನನ್ನಂಥವರು ಸುಮ್ಮನಿರುವುದು ತಪ್ಪೇ? ಮಾತನಾಡಿದರೆ ಪ್ರಯೋಜನವಿದೆಯೇ? ಇನ್ನೊಂದು ವಿಷಯ. ಕಳೆದ ಚುನಾವಣೆಯಲ್ಲಿ ಊರಿನಲ್ಲಿ ನಮ್ಮ ಅತ್ತೆಯ ಹೆಸರು ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಏನು ಮಾಡಬೇಕು?

ಉತ್ತರ: ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಸಾಲದವಳು’ ಎಂಬ ಮಾತನ್ನು ನೀವು ಉದ್ದೇಶಪಟ್ಟು ಬರೆದಿರೋ ತಾನಾಗಿ ಬಂತೋ ತಿಳಿಯದು. ಸಾಲ ಹೊತ್ತವಳು ಎಂದೂ, ಸಾಕಾಗದವಳು ಎಂದೂ ಅದು ಒಟ್ಟಿಗೇ ಕೇಳಿಸುತ್ತದೆ. ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿ, ನಿವೃತ್ತಿಯ ನಂತರ ಪಂಚಾಯಿತಿ ಸದಸ್ಯರ ತರಬೇತಿಗಳಲ್ಲಿ ಮಾತನಾಡುತ್ತ ಬಂದಿರುವ ನಾನು, ಕಷ್ಟದಲ್ಲಿರುವವರ ಬಾಯಿಂದ ಈ ಎರಡು ಅರ್ಥಗಳು ಬೆರೆತುಹೋದದ್ದನ್ನು ಬಹಳ ಸಲ ಕೇಳಿದ್ದೇನೆ. ಮೊದಲನೆಯದು ನಿಮ್ಮ ಲೆಕ್ಕದ ಪುಸ್ತಕದಲ್ಲಿರುವ ಸತ್ಯ. ಎರಡನೆಯದು ನಿಮ್ಮ ಮೇಲೆ ಯಾರೋ ಹೊರಿಸಿರುವ ಹೊರೆ, ಅದನ್ನು ಇಳಿಸಬಹುದು ಎಂದು ನನ್ನ ಅಭಿಪ್ರಾಯ.

ಆದರೆ ನಿಮ್ಮ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 2016ರಲ್ಲಿ ನೀವು ಮಾಡಿದ್ದು ರಾಜಕೀಯವಲ್ಲ ಎಂದಿದ್ದೀರಿ. ಅದು ಅಪ್ಪಟ ರಾಜಕೀಯವಾಗಿತ್ತು. ನಿಮಗೆ ನೆನಪಿರಬಹುದಾದರೂ, ಅಂದು ಏನಾಯಿತೆಂಬುದನ್ನು ಒಮ್ಮೆ ಬಿಡಿಸಿ ನೋಡೋಣ. ನಿಮ್ಮ ಸಂಬಳದಿಂದ ಶೇ. 12ರಷ್ಟು ಪಿಎಫ್‌ಗೆ ಹೋಗುತ್ತದೆ; ಕಂಪನಿಯೂ ಅಷ್ಟೇ ಹಾಕಬೇಕು, ಅದರಲ್ಲಿ ಶೇ. 8.33 ಪಿಂಚಣಿಗೆ ಹೋಗಿ ಶೇ. 3.67 ಮಾತ್ರ ನಿಮ್ಮ ಪಿಎಫ್ ಖಾತೆಗೆ ಸೇರುತ್ತದೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಕೆಲಸ ಬಿಟ್ಟವರು ತಮ್ಮ ಪಾಲನ್ನು ಮತ್ತು ಅದರ ಬಡ್ಡಿಯನ್ನು ಮಾತ್ರ ತೆಗೆಯಬಹುದಿತ್ತು, ಕಂಪನಿಯ ಪಾಲು 58 ವರ್ಷ ತುಂಬುವವರೆಗೆ ಅಲ್ಲೇ ಉಳಿಯಬೇಕಿತ್ತು. ದೆಹಲಿಯಲ್ಲಿ ಕುಳಿತು ಇದನ್ನು ಬರೆದವರಿಗೆ ಪಿಎಫ್ ಎಂದರೆ ಮುಪ್ಪಿನ ಹಣ. ಹೊಸೂರು ರಸ್ತೆ, ತುಮಕೂರು ರಸ್ತೆಯ ಹೆಣ್ಣುಮಕ್ಕಳಿಗೆ ಅದು ಮಗಳ ಮದುವೆಯ ಹಣ, ಗಂಡನ ಆಪರೇಷನ್ನಿನ ಹಣ, ಬಡ್ಡಿ ಸಾಲದವನ ಬಾಯಿ ಮುಚ್ಚಿಸುವ ಹಣ. ಐವತ್ತೆಂಟರವರೆಗೆ ಹೊಲಿಗೆ ಯಂತ್ರದ ಮುಂದೆ ಕೂರುವವರು ಎಷ್ಟು ಜನ ಎಂಬುದು ನಿಮ್ಮ ಲೈನಿನಲ್ಲಿ ಒಮ್ಮೆ ಕಣ್ಣಾಡಿಸಿದರೆ ತಿಳಿಯುತ್ತದೆ.

ಏಪ್ರಿಲ್ 18ರ ಸೋಮವಾರ ಬೊಮ್ಮನಹಳ್ಳಿಯ ಕಡೆ ಕಾರ್ಖಾನೆಗಳಿಂದ ಹೆಂಗಸರು ಹೊರಗೆ ಬಂದರು. ಮರುದಿನ ಜಾಲಹಳ್ಳಿ ಕ್ರಾಸ್, ಪೀಣ್ಯದ ಕಡೆಗೂ ಅದು ಹಬ್ಬಿತು. ಕರೆ ಕೊಟ್ಟ ನಾಯಕರಿರಲಿಲ್ಲ, ಬ್ಯಾನರ್ ಇರಲಿಲ್ಲ, ವೇದಿಕೆಯಂತೂ ಇರಲೇ ಇಲ್ಲ. ಎರಡನೆಯ ದಿನ ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು, ಬಂಧನಗಳಾದವು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ 19ರ ಸಂಜೆಯೊಳಗೆ ಕೇಂದ್ರ ಸರ್ಕಾರ ಆ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಬೆಂಗಳೂರಿನಲ್ಲಿ ಬಟ್ಟೆ ಹೊಲಿಯುವ ಹೆಂಗಸರು ಎರಡೇ ದಿನದಲ್ಲಿ ಇಡೀ ದೇಶದ ಕಾರ್ಮಿಕರಿಗೆ ಅನ್ವಯವಾಗುವ ಒಂದು ನಿಯಮವನ್ನು ಅಳಿಸಿಹಾಕಿದರು. ಇದನ್ನು ರಾಜಕೀಯವೆಂದು ಕರೆಯದೆ, ಟಿವಿಯಲ್ಲಿ ನಾಲ್ವರು ಕಿರುಚಾಡುವುದನ್ನು ರಾಜಕೀಯವೆಂದು ಕರೆದರೆ ಆ ಪದಕ್ಕೇ ಅನ್ಯಾಯವಾಗುತ್ತದೆ.

ಅದರಲ್ಲಿ ಕೊರತೆಯೊಂದಿತ್ತು, ನಿಮ್ಮ ಈಗಿನ ತಳಮಳದ ಮೂಲವೂ ಅಲ್ಲೇ ಇದೆ ಎಂದು ನನಗೆ ತೋರುತ್ತದೆ. 20ನೇ ತಾರೀಕು ನೀವೆಲ್ಲ ಮತ್ತೆ ಲೈನಿಗೆ ಹೋಗಿ ಕುಳಿತಿರಿ. ಆ ಎರಡು ದಿನ ಪಕ್ಕದಲ್ಲಿ ನಡೆದವರ ಹೆಸರು ನಿಮ್ಮಲ್ಲಿ ಬಹುಪಾಲು ಜನಕ್ಕೆ ಗೊತ್ತಿರಲಿಲ್ಲ, ಆಮೇಲೂ ಗೊತ್ತಾಗಲಿಲ್ಲ. ಕಷ್ಟ ಜನರನ್ನು ಬೀದಿಗೆ ತಂದಿತು, ಆದರೆ ಮನೆಗೆ ಹಿಂದಿರುಗಿದ ಮೇಲೆ ಅವರನ್ನು ಒಬ್ಬರಿಗೊಬ್ಬರು ಗಂಟು ಹಾಕಿಡುವ ದಾರವಿರಲಿಲ್ಲ. ಹೀಗಾಗಿ ನಿಮಗೆ ಈಗ ಎರಡೇ ಸ್ಥಿತಿಗಳು ಕಾಣುತ್ತಿವೆ: ಒಂದೋ ಬೀದಿಗಿಳಿಯಬೇಕು, ಇಲ್ಲವೇ ಸುಮ್ಮನಿರಬೇಕು. ನಿಮ್ಮ ಸ್ನೇಹಿತರಿಗೂ ಹಾಗೆಯೇ ಕಾಣುತ್ತಿದೆ. ಇವೆರಡರ ನಡುವೆ ಇರುವ ದೊಡ್ಡ ಬಯಲಿನಲ್ಲಿಯೇ ಪ್ರಜಾಪ್ರಭುತ್ವದ ಹೆಚ್ಚಿನ ಕೆಲಸ ನಡೆಯುವುದು, ನಡೆಯದೆ ಹೋದರೆ ಅಲ್ಲಿಯೇ ಅದು ಸೊರಗುವುದು.

ಹೋಲಿಕೆಗೆ ಸಾಗರ ತಾಲ್ಲೂಕಿನ ಕಾಗೋಡನ್ನು ನೋಡಿ. ಅಲ್ಲಿನ ಗೇಣಿದಾರರ ಮೊದಲ ತಕರಾರು ಸ್ವಾತಂತ್ರ್ಯ, ಸಮಾನತೆ ಎಂಬ ದೊಡ್ಡ ಪದಗಳದ್ದಾಗಿರಲಿಲ್ಲ, ಕೊಳಗದ್ದಾಗಿತ್ತು. ಗೇಣಿ ಭತ್ತ ಅಳೆದುಕೊಳ್ಳಲು ಭೂಮಾಲೀಕರು ಬಳಸುತ್ತಿದ್ದ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದು. ಪ್ರತಿ ಸುಗ್ಗಿಯಲ್ಲೂ ಪ್ರತಿ ಮನೆಯಿಂದಲೂ ಒಂದೊಂದು ಹಿಡಿ ಹೆಚ್ಚಾಗಿ ಹೋಗುತ್ತಿತ್ತು. ತನ್ನ ಕಣದಲ್ಲಿ ಒಬ್ಬನೇ ನಿಂತು ನೋಡುವ ಗೇಣಿದಾರನಿಗೆ ಅದು ತನ್ನ ಹಣೆಬರಹ. ಹತ್ತು ಕಣಗಳವರು ಒಂದೆಡೆ ಕುಳಿತು ಅಳತೆಯನ್ನು ಹೋಲಿಸಿದಾಗ ಅದು ಮೋಸ. ಎಚ್. ಗಣಪತಿಯಪ್ಪನವರು ಮೊದಲು ರೈತರ ಸಂಘ ಕಟ್ಟಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧಿತರಾದರು. ಮರುವರ್ಷ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಶಾಸಕರಾದರು. ಅಲ್ಲಿಂದ ಮುಂದೆ, ಉಳುವವನೇ ಹೊಲದೊಡೆಯ ಎಂಬ ಮಾತು ನಿಜವಾದ ಬಲವುಳ್ಳ ಕಾನೂನಾಗಿ 1974ರ ಮಾರ್ಚ್ 1ರಂದು ಜಾರಿಗೆ ಬರುವ ಹೊತ್ತಿಗೆ ಇಪ್ಪತ್ತಮೂರು ವರ್ಷ ಕಳೆದಿತ್ತು. ಪಿಎಫ್ ಹೋರಾಟ ಎರಡು ದಿನದಲ್ಲಿ ಗೆದ್ದು ಮುಗಿದುಹೋಯಿತು. ಕಾಗೋಡು ಆಗ ಸೋತಂತೆ ಕಂಡರೂ ಮುಂದುವರಿಯಿತು. ಎರಡನೆಯದರಲ್ಲಿ ಇದ್ದವರೆಲ್ಲ ಬಿಡುವುಳ್ಳವರೇನಲ್ಲ, ಬಹುಪಾಲು ಜನ ನಿಮಗಿಂತ ಕಷ್ಟದಲ್ಲಿದ್ದರು.

ಬಿಡುವಿನ ಮಾತು ಬಂದದ್ದರಿಂದ ಒಂದು ತಪ್ಪು ಕಲ್ಪನೆಯನ್ನೂ ಇಲ್ಲಿಯೇ ಪಕ್ಕಕ್ಕಿಡುತ್ತೇನೆ. ಹೊಟ್ಟೆ ತುಂಬಿದವರಿಗೆ ಮಾತ್ರ ರಾಜಕೀಯದ ಕಾಳಜಿ ಇರುತ್ತದೆ ಎಂಬುದು ನಮ್ಮಲ್ಲಿ ಮತಗಟ್ಟೆಯ ಬಾಗಿಲಲ್ಲೇ ಸುಳ್ಳಾಗುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ. 81ಕ್ಕೂ ಹೆಚ್ಚು ಜನ ಮತ ಹಾಕಿದರು. ಓದು, ಆದಾಯ, ಬಿಡುವು ಮೂರೂ ಹೆಚ್ಚಿರುವ ಬೆಂಗಳೂರು ದಕ್ಷಿಣದಲ್ಲಿ ಶೇ. 53ರಷ್ಟು ಜನ. ಪ್ರಜಾಪ್ರಭುತ್ವ ಅಪಾಯದಲ್ಲಿದೆ ಎಂದು ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಬರೆಯುವವರಲ್ಲಿ ಎಷ್ಟು ಜನ ಆ ದಿನ ಮನೆಯಲ್ಲೇ ಉಳಿದಿದ್ದರೋ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಇನ್ನು ನಿಮ್ಮ ಸ್ನೇಹಿತರ ಮಾತಿಗೆ ಬರುತ್ತೇನೆ. ಅವರ ಆತಂಕ ಸುಳ್ಳಲ್ಲ. ಆದರೆ ಕಷ್ಟದಲ್ಲಿರುವವರು ತಾವು ಹೇಳಿದ ಹೊತ್ತಿಗೆ, ತಾವು ಹೇಳಿದ ವಿಷಯಕ್ಕೆ ದನಿಯೆತ್ತಬೇಕೆಂದು ನಿರೀಕ್ಷಿಸುವವರು ನಮ್ಮದೇ ರಾಜ್ಯದ ಒಂದು ಪ್ರಸಂಗವನ್ನು ನೆನಪಿಸಿಕೊಳ್ಳಬೇಕು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. 1977ರ ಮಾರ್ಚ್‌ನಲ್ಲಿ ಅದು ಹೋಗುವಾಗ ನಡೆದ ಚುನಾವಣೆಯಲ್ಲಿ ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ಕರ್ನಾಟಕದಲ್ಲಿ 28ರಲ್ಲಿ 26 ಸಿಕ್ಕವು. ನಾನು ಆಗ ಕಾಲೇಜಿನಲ್ಲಿದ್ದೆ, ನಮ್ಮ ಮೇಷ್ಟ್ರುಗಳು ಈ ಫಲಿತಾಂಶದಿಂದ ನಾಚಿಕೊಂಡಿದ್ದರು, ನಮ್ಮ ಜನಕ್ಕೆ ಸ್ವಾತಂತ್ರ್ಯದ ಬೆಲೆ ತಿಳಿಯದು ಎಂದು ತರಗತಿಯಲ್ಲೇ ಹೇಳಿದವರೂ ಇದ್ದರು. ಅವರ ಮಾತನ್ನು ನಾನೂ ಬಹಳ ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ.

ಉತ್ತರದ ಹಳ್ಳಿಗಳಲ್ಲಿ ತುರ್ತು ಪರಿಸ್ಥಿತಿ ಎಂದರೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ. ದೆಹಲಿಯಲ್ಲಿ ಅದು ಮನೆಗಳ ಮೇಲೆ ಹರಿದ ಬುಲ್ಡೋಜರ್. ಇಲ್ಲಿ ಅದೇ ಅವಧಿಯಲ್ಲಿ ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ ನೇಮಿಸಿದ ಭೂನ್ಯಾಯ ಮಂಡಳಿಗಳು ತಾಲ್ಲೂಕು ಕಚೇರಿಗಳಲ್ಲಿ ಕುಳಿತು, ಉಳುವ ಜಮೀನಿನ ಹಕ್ಕು ಕೋರುವ ಫಾರಂ ನಂಬರ್ 7 ತುಂಬಿ ಕೊಟ್ಟ ಗೇಣಿದಾರರನ್ನು ಕರೆದು ವಿಚಾರಣೆ ನಡೆಸುತ್ತಿದ್ದವು. ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಈ ನಿರ್ಬಂಧವನ್ನು ನ್ಯಾಯಾಲಯ ಎಷ್ಟೋ ವರ್ಷಗಳ ನಂತರ ತೆಗೆಯಿತು. ಒಡೆಯರ ಜಗಲಿಯ ಮೇಲೆ ಕೂರುವ ಧೈರ್ಯವಿಲ್ಲದಿದ್ದ ಒಬ್ಬ ಮನುಷ್ಯ ಸರ್ಕಾರದ ಮೇಜಿನ ಮುಂದೆ, ಅದೇ ಒಡೆಯರ ಎದುರಿಗೆ ನಿಂತು ‘ಈ ಗದ್ದೆ ನಾನು ಉಳೋದು’ ಎಂದು ತನ್ನ ಬಾಯಿಂದಲೇ ಹೇಳಿದ. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದ ಕಾಲದಲ್ಲೇ ಅವನ ಬಾಯಿ ಮೊದಲ ಸಲ ತೆರೆಯಿತು. ಅವನು ಆ ಸರ್ಕಾರದ ಪಕ್ಷಕ್ಕೆ ಮತ ಹಾಕಿದ್ದನ್ನು ನಾನು ಅಜ್ಞಾನವೆನ್ನಲಾರೆ. ಹಾಗೆಂದು ಎಲ್ಲವೂ ಸರಿಯಿತ್ತೆಂದೂ ಹೇಳಲಾರೆ, ಏಕೆಂದರೆ ಅದೇ ದಿನಗಳಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ವಿಚಾರಣೆಯಿಲ್ಲದೆ ಜನ ಕೊಳೆಯುತ್ತಿದ್ದರು. ಹೊಟ್ಟೆಗೆ ಸಿಕ್ಕಿದ್ದನ್ನು ಮುಂದೆ ಹಿಡಿದು ಹಕ್ಕನ್ನು ಹಿಂದಿನಿಂದ ಕಸಿದುಕೊಳ್ಳಬಹುದೆಂಬುದು ಈ ಪ್ರಸಂಗದ ಕಹಿ ಭಾಗ, ಇಂದಿಗೂ ಆಳುವವರು ಯಾವ ಪಕ್ಷದವರಾದರೂ ಈ ಪಾಠವನ್ನು ಮರೆತಿಲ್ಲ. ಆದರೂ ಅದೇ ಕರ್ನಾಟಕ 1983ರಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರವನ್ನು ತಂದಿತು. ಜನ ಮರೆತಿರಲಿಲ್ಲ, ತಮ್ಮ ಸರದಿಗೆ ಕಾದಿದ್ದರು.

ಆ ಜೈಲಿನ ಬಗ್ಗೆ ಇನ್ನೊಂದು ಮಾತು. ರಂಗಭೂಮಿಯ ಕಲಾವಿದೆ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಸುಮಾರು ಎಂಟು ತಿಂಗಳು ಅಲ್ಲಿಟ್ಟಿದ್ದರು. ತೀವ್ರ ಉಬ್ಬಸದ ರೋಗಿ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ನಿಮ್ಮ ಸ್ನೇಹಿತರು ಇಂಥ ಹೆಸರುಗಳನ್ನು ನಿಮ್ಮೆದುರು ಹೇಳಿರಲೂಬಹುದು, ಆಗ ನಿಮಗೆ ನೀವು ಇನ್ನಷ್ಟು ಸಣ್ಣವರಾಗಿ ಕಂಡಿರಬಹುದು. ಆದರೆ ಜೈಲಿನೊಳಗೆ ಅವರು ಏನು ಮಾಡಿದರು ಎಂಬುದನ್ನು ಗಮನಿಸಿ. ಜೊತೆಯಲ್ಲಿದ್ದ ಬಡ ಹೆಣ್ಣು ಕೈದಿಗಳಿಗೆ ಹೊಡೆಯುವುದನ್ನು, ಅವರನ್ನು ಕೀಳಾಗಿ ನಡೆಸಿಕೊಳ್ಳುವುದನ್ನು ಪ್ರತಿಭಟಿಸಿದರು. ದೇಶದ ಸಂವಿಧಾನವನ್ನೇ ಬದಿಗಿಟ್ಟ ಕಾಲದಲ್ಲಿ, ಸ್ವತಃ ಉಸಿರಾಟಕ್ಕೆ ಕಷ್ಟಪಡುತ್ತಿದ್ದಾಗ, ಕೈಗೆಟುಕುವ ದೂರದಲ್ಲಿದ್ದ ಅನ್ಯಾಯವನ್ನು ಅವರು ಕೆಲಸವಾಗಿ ತೆಗೆದುಕೊಂಡರು. ಆ ಜೈಲಿನ ಜಾಗವೇ ಈಗಿನ ಫ್ರೀಡಂ ಪಾರ್ಕ್. 2021ರಿಂದ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಅನುಮತಿ ಇರುವುದು ಅಲ್ಲಿ ಮಾತ್ರ, ಅಂದರೆ ಹಳೆಯ ಜೈಲಿನ ಗೋಡೆಯೊಳಗೆ. ಇದರ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಹಾಗಾದರೆ ಈಗಿನ ಕಾಲದ ಆತಂಕ ಯಾವುದು? ಫೋನಿನಲ್ಲಿ ರಾತ್ರಿ ಹನ್ನೊಂದಕ್ಕೆ ಕಾಣುವುದಷ್ಟೇ ಅಲ್ಲ. ಸದ್ದಿಲ್ಲದೆ ನಡೆಯುವುದು ಹೆಚ್ಚು ಆತಂಕದ್ದು. ಬೆಂಗಳೂರಿನ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಐದು ವರ್ಷ ತುಂಬಿದರೂ ಚುನಾವಣೆ ನಡೆಯಲಿಲ್ಲ, ಆ ಪಾಲಿಕೆಯನ್ನೇ ಐದಾಗಿ ಒಡೆದದ್ದಾಯಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ಅವೂ ಹಾಗೆಯೇ ಅಧಿಕಾರಿಗಳ ಕೈಯಲ್ಲಿ ಉಳಿದವು. ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳುತ್ತದೆ. ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಬಂದರೂ ಇದರಲ್ಲಿ ವ್ಯತ್ಯಾಸವಾಗಲಿಲ್ಲ. ನಿಮ್ಮ ಬೀದಿಯ ಮೋರಿ ಕಟ್ಟಿಕೊಂಡರೆ ಹೇಳಿಕೊಳ್ಳಲು ಕಾರ್ಪೊರೇಟರ್ ಇಲ್ಲದ ಐದು ವರ್ಷಗಳನ್ನು ನೀವು ಕಳೆದಿದ್ದೀರಿ, ಅದನ್ನು ನೀವು ಪ್ರಜಾಪ್ರಭುತ್ವದ ಸಮಸ್ಯೆ ಎಂದು ಎಣಿಸಿರಲಿಕ್ಕಿಲ್ಲ, ಬರೀ ಮೋರಿಯ ಸಮಸ್ಯೆ ಎಂದುಕೊಂಡಿರುತ್ತೀರಿ.

ಕಾಗೋಡಿನ ಕೊಳಗವನ್ನು ಹೇಳಿದ್ದು ಇದಕ್ಕಾಗಿಯೇ. ನಿಮ್ಮ ಕಷ್ಟಗಳನ್ನು ಬದಿಗಿಟ್ಟು ರಾಜಕೀಯಕ್ಕೆ ಬನ್ನಿ ಎಂದು ನಾನು ಹೇಳುವುದಿಲ್ಲ. ಆ ಕಷ್ಟಗಳನ್ನೇ ಪಕ್ಕದವರ ಕಷ್ಟದ ಜೊತೆ ಇಟ್ಟು ಅಳೆದು ನೋಡಿ ಎನ್ನುತ್ತೇನೆ. ನೀವು ಬರೆದಿರುವ ಸಂಗತಿಗಳನ್ನೇ ತೆಗೆದುಕೊಳ್ಳೋಣ. ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿಗಿಂತ ಕಡಿಮೆಯಿದ್ದರೆ ನಿಮಗೆ ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ಇರುತ್ತದೆ. ನಿಮ್ಮ ಸಂಬಳದಿಂದ ಶೇ. 0.75, ಕಂಪನಿಯಿಂದ ಶೇ. 3.25 ಅದಕ್ಕೆ ಹೋಗುತ್ತಿರುತ್ತದೆ. ನಿಮ್ಮ ಯಜಮಾನರ ಚಿಕಿತ್ಸೆಗೆ ನಿಮ್ಮ ಕಾರ್ಡಿನಲ್ಲಿ ಅವರ ಹೆಸರು ಸೇರಿದೆಯೇ ಎಂದು ಮೊದಲು ನೋಡಿ. ಅವರಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಇತ್ತೇ, ಅಪಘಾತದ ಸಹಾಯಧನಕ್ಕೆ ಅರ್ಜಿ ಹಾಕಿದ್ದೀರೇ ಎಂಬುದನ್ನು ನೀವು ಬರೆದಿಲ್ಲ. ಕಟ್ಟಡದ ವೆಚ್ಚದ ಮೇಲೆ ಸೆಸ್ ವಸೂಲಿ ಮಾಡಿ ಕಾರ್ಮಿಕರಿಗೆ ಕೊಡಬೇಕೆಂಬ ಆ 1996ರ ಕಾನೂನು ಯಾರ ಕರುಣೆಯಿಂದಲೂ ಬಂದದ್ದಲ್ಲ, ಕಟ್ಟಡ ಕಾರ್ಮಿಕರ ಸಂಘಗಳು ವರ್ಷಗಟ್ಟಲೆ ಕೇಳಿ ಪಡೆದದ್ದು.

ಸಂಘದ ಸಾಲದ ವಿಷಯ ಇನ್ನೂ ಹತ್ತಿರದ್ದು. 2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರ, ರಾಮನಗರದ ಕಡೆಯ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟದ್ದು ಸುದ್ದಿಯಾಯಿತು. ಬೀಗ ಬಿದ್ದ ಮನೆಗಳು ಬೀದಿಬೀದಿಯಲ್ಲಿ ಒಟ್ಟಿಗೆ ಕಂಡಾಗ ಮಾತ್ರ ಸರ್ಕಾರಕ್ಕೆ ಕಣ್ಣು ತೆರೆಯಿತು; ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ಮುಂದೆ ಕಾಯ್ದೆಯಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಶಿಕ್ಷೆ ಇದೆ. ಅದಕ್ಕೂ ಮೊದಲೇ ರಿಸರ್ವ್ ಬ್ಯಾಂಕಿನ ನಿಯಮಗಳು, ಮೈಕ್ರೋಫೈನಾನ್ಸ್‌ನವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಬರಬಾರದೆಂದೂ, ಒಂದು ಕುಟುಂಬದ ಎಲ್ಲ ಕಂತುಗಳು ಸೇರಿ ಅದರ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದೂ ಹೇಳಿವೆ. ನಿಮ್ಮ ಗುಂಪಿನ ಹೆಂಗಸರು ಕಂತು ಕಟ್ಟಲು ಹೇಗೂ ವಾರಕ್ಕೊಮ್ಮೆ ಸೇರುತ್ತೀರಿ. ಯಾರ ಕಂತು ಎಷ್ಟು, ಆದಾಯ ಎಷ್ಟು ಎಂದು ಒಂದು ವಾರ ಒಂದು ಹಾಳೆಯಲ್ಲಿ ಬರೆದು ನೋಡಿ. ಸಾಲ ತೀರುವುದಿಲ್ಲ, ನಿಜ. ಆದರೆ ಯಾರ ತಪ್ಪಿನಿಂದ ಎಷ್ಟು ಕತ್ತು ಬಿಗಿದಿದೆ ಎಂಬುದು ಮೊದಲ ಸಲ ಎಲ್ಲರಿಗೂ ಒಟ್ಟಿಗೇ ಕಾಣುತ್ತದೆ. ಆ ಹಾಳೆಯೇ ನಿಮ್ಮ ಕೊಳಗ.

ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಇದಕ್ಕೆ ಸಿದ್ಧಾಂತದ ಬದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಿಮ್ಮ ಜಿಲ್ಲೆಯದೇ ಒಂದು ಗ್ರಾಮಸಭೆಗೆ ತರಬೇತಿಯ ಭಾಗವಾಗಿ ಹೋಗಿದ್ದೆ. ಶಾಮಿಯಾನದ ಕೆಳಗೆ ಅರವತ್ತು ಜನ, ಮುಂದಿನ ಸಾಲಿನಲ್ಲಿ ಸ್ಟೀಲ್ ಲೋಟದಲ್ಲಿ ಕಾಫಿ. ಮನೆ ಫಲಾನುಭವಿಗಳ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಲಾಗಿದೆ, ಮುಂದಿನ ವಿಷಯಕ್ಕೆ ಹೋಗೋಣ ಎಂದು ಪಂಚಾಯಿತಿಯ ಅಧಿಕಾರಿ ಪಿಡಿಒ ಹೇಳಿದರು. ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತರು, ಕಂಕುಳಲ್ಲಿ ಮೊಮ್ಮಗು. ‘ಓದಿ ಸಾಮಿ, ನಂಗೆ ಓದಕ್ ಬರಲ್ಲ’ ಎಂದರು. ಪಿಡಿಒ ಬೋರ್ಡು ತೋರಿಸಿದರು. ಆಕೆ ಕೂರಲಿಲ್ಲ, ಕೂಗಲೂ ಇಲ್ಲ, ಅದೇ ಮಾತನ್ನು ಮತ್ತೊಮ್ಮೆ ಹೇಳಿದರು. ಕೊನೆಗೆ ಅವರು ಪಟ್ಟಿ ತರಿಸಿ ಓದಲು ಶುರುಮಾಡಿದರು. ಹದಿನಾಲ್ಕನೆಯ ಹೆಸರಿಗೆ ಸಭೆ ಘೊಳ್ಳೆಂದು ನಕ್ಕಿತು. ಆ ಮನುಷ್ಯ ತೀರಿಕೊಂಡು ಮೂರು ವರ್ಷವಾಗಿತ್ತು. ಅದರ ಮುಂದೆ ಪ್ರತಿ ಹೆಸರಿಗೂ ಜನ ತಲೆಯೆತ್ತಿ ಕೇಳತೊಡಗಿದರು. ಆ ದಿನ ಘೋಷಣೆ ಕೂಗಿದವರು ಯಾರೂ ಇರಲಿಲ್ಲ, ಆದರೆ ಪಟ್ಟಿ ಬದಲಾಯಿತು. ಆಕೆಗೆ ಮನೆ ಬಂತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಆಗ ವಿಚಾರಿಸಬೇಕೆಂದು ಹೊಳೆಯಲಿಲ್ಲ, ಈಗ ಅದರ ಬಗ್ಗೆ ನನಗೆ ಬೇಸರವಿದೆ.

ಭಯದ ವಿಷಯದಲ್ಲಿ ನಾನು ನಿಮಗೆ ಬರೀ ಧೈರ್ಯ ಹೇಳಿದರೆ ಅದು ನ್ಯಾಯವಾಗುವುದಿಲ್ಲ. ಸಂಘ ಕಟ್ಟುವುದು, ಸಂಘ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಆದರೆ ಲೈನಿನಲ್ಲಿ ಹಕ್ಕಿನ ಮಾತೆತ್ತಿದವರಿಗೆ ಮರುದಿನದಿಂದ ಟಾರ್ಗೆಟ್ ಏರುವುದು, ಬೇರೆ ಯೂನಿಟ್ಟಿಗೆ ಹಾಕುವುದು ನಡೆಯುತ್ತದೆ, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಒಂಟಿಯಾಗಿ ಮಾತನಾಡಿದವರಿಗೆ ಪೆಟ್ಟು ಹೆಚ್ಚು ಬೀಳುತ್ತದೆ. ಆದ್ದರಿಂದ ಯಾವ ಅರ್ಜಿಯನ್ನೂ ಒಬ್ಬರೇ ಬರೆಯಬೇಡಿ, ಯಾವ ಕೌಂಟರಿಗೂ ಒಬ್ಬರೇ ಹೋಗಬೇಡಿ. ಎರಡನೆಯ ಸಹಿ ಬಿದ್ದ ಮೇಲೆ ಅದು ದೂರು, ಹತ್ತನೆಯದು ಬಿದ್ದ ಮೇಲೆ ಅದನ್ನು ಕಸದ ಬುಟ್ಟಿಗೆ ಹಾಕುವುದು ಕಷ್ಟ. ಫೋನಿನಲ್ಲಿ ಬಂದದ್ದನ್ನು ಓದಿ ನೋಡದೆ ಮುಂದಕ್ಕೆ ಕಳಿಸುವುದನ್ನು ಮಾತ್ರ ನಿಲ್ಲಿಸಿ, ಕೇಸು ಬೀಳುವ ಅಪಾಯ ಬೀದಿಗಿಂತ ಅಲ್ಲಿ ಹೆಚ್ಚು, ಅದರಿಂದ ಯಾರಿಗೂ ಉಪಕಾರವಿಲ್ಲ. ಏನೇ ಆದರೂ ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ಕಾನೂನು ಸೇವೆಗಳ ಕಚೇರಿ ಇರುತ್ತದೆ.

ನಿಮ್ಮ ಸ್ನೇಹಿತರ ಮುಂದಿನ ಕರೆಗೆ ಹೋಗಬೇಕೇ ಎಂದರೆ, ಮನೆಯಲ್ಲಿ ಹಾಸಿಗೆ ಹಿಡಿದವರಿರುವಾಗ, ಒಂದು ದಿನದ ಸಂಬಳ ಒಂದು ಕಂತಿನ ಅರ್ಧವಾಗಿರುವಾಗ, ಹೋಗಬೇಡಿ ಎಂದೇ ನನ್ನ ಸಲಹೆ. ಹೋಗದಿದ್ದಕ್ಕೆ ಕ್ಷಮೆ ಕೇಳುವುದೂ ಬೇಡ. ಬದಲಿಗೆ ಅವರಿಗೆ ಒಂದು ಕೆಲಸ ಹೇಳಿ. ಅವರಲ್ಲಿ ಬಿಡುವುಳ್ಳವರು ನಿಮ್ಮ ಪರವಾಗಿ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡಲಿ: ಒಂದೇ ವಿಷಯ, 150 ಪದದೊಳಗೆ, ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, ಮೂವತ್ತು ದಿನದಲ್ಲಿ ಉತ್ತರ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನಿಮ್ಮ ಯಜಮಾನರ ಅರ್ಜಿಯೋ ಅವರಂಥ ಇತರರ ಅರ್ಜಿಗಳೋ ಎಲ್ಲಿ ನಿಂತಿವೆ ಎಂದು ಕೇಳಲಿ. ಪ್ರಜಾಪ್ರಭುತ್ವದ ಬಗ್ಗೆ ಅವರಿಗಿರುವ ಕಾಳಜಿ ಎಷ್ಟು ದೂರ ನಡೆಯಬಲ್ಲದು ಎಂಬುದು ಇದರಿಂದ ಅವರಿಗೇ ತಿಳಿಯುತ್ತದೆ.

ಕೊನೆಗೆ ನಿಮ್ಮ ಅತ್ತೆಯವರ ಹೆಸರಿನ ವಿಷಯ. ಇದನ್ನು ನೀವು ಪತ್ರದ ತುದಿಗೆ ಸೇರಿಸಿದ್ದೀರಿ, ನನಗೆ ಇದು ಮೊದಲು ಬರಬೇಕಿತ್ತು ಅನಿಸಿತು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ, ಮತದಾರರ ಹೆಸರು ತೆಗೆಯಬೇಕೆಂದು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾದವು 24 ಮಾತ್ರ. ಹೆಸರುಗಳು ಉಳಿದವು, ಪ್ರಕರಣ ತನಿಖೆಗೆ ಹೋಯಿತು. ಅದು ಮೊದಲು ಕಣ್ಣಿಗೆ ಬಿದ್ದದ್ದು ದೊಡ್ಡ ಅಧಿಕಾರಿಗಳಿಗಲ್ಲ, ತನ್ನ ಸಂಬಂಧಿಕರ ಹೆಸರನ್ನೇ ತೆಗೆಯಲು ಅರ್ಜಿ ಬಂದದ್ದನ್ನು ನೋಡಿ ಅನುಮಾನಪಟ್ಟ ಮತಗಟ್ಟೆ ಮಟ್ಟದ ಅಧಿಕಾರಿಗೆ, ಅಂದರೆ ಬಿಎಲ್‌ಒಗೆ. ನಿಮ್ಮ ಅತ್ತೆಯವರ ಹೆಸರು ಹೋದದ್ದು ಹಾಗೆಯೇ ಎಂದು ನಾನು ಹೇಳುತ್ತಿಲ್ಲ, ಬಹುಶಃ ಮನೆಯಲ್ಲಿ ಸಿಗಲಿಲ್ಲವೆಂದು ತೆಗೆದಿರಬಹುದು. ಮೊದಲು 1950ಕ್ಕೆ ಕರೆ ಮಾಡಿ, ಇಲ್ಲವೇ ಮಗನ ಕೈಯಲ್ಲಿ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಅವರ ಗುರುತಿನ ಚೀಟಿಯ ಸಂಖ್ಯೆ ಹಾಕಿ ಹುಡುಕಿಸಿ. ಹೆಸರು ಇಲ್ಲದಿದ್ದರೆ ಫಾರಂ 6ರಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಇದ್ದು ತಪ್ಪಾಗಿದ್ದರೆ ಫಾರಂ 8. ನಿಮ್ಮ ಸ್ವಂತ ಹೆಸರು ಊರಿನಲ್ಲೇ ಇರಬೇಕೋ ಬೆಂಗಳೂರಿಗೆ ಬರಬೇಕೋ ನೀವೇ ಯೋಚಿಸಿ. ಸಾಮಾನ್ಯವಾಗಿ ವಾಸವಿರುವ ಕಡೆ ಇರಬೇಕೆಂಬುದು ಕಾನೂನು, ಎರಡೂ ಕಡೆ ಇರುವಂತಿಲ್ಲ. ಎಲ್ಲಿದ್ದರೂ ಮತದಾನದ ದಿನ ವೇತನಸಹಿತ ರಜೆ ಕೊಡಲೇಬೇಕು, ಅದನ್ನು ಹಾಜರಿ ಬೋನಸ್ಸಿನಲ್ಲಿ ಕಳೆಯುವಂತಿಲ್ಲ ಎಂದು ಎಚ್‌ಆರ್‌ಗೆ ಮೊದಲೇ ಬರೆದುಕೊಡಿ, ನಾಲ್ಕು ಜನ ಸೇರಿ.

ನಿಮ್ಮ ಊರಿನ ಬಿಎಲ್‌ಒ ಅಂಗನವಾಡಿ ಟೀಚರೋ ಶಾಲೆಯ ಮೇಷ್ಟ್ರೋ ಆಗಿರುತ್ತಾರೆ, ನಿಮ್ಮ ಅತ್ತೆಯವರಿಗೆ ಪರಿಚಯವೂ ಇರುತ್ತದೆ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅವರನ್ನು ಹುಡುಕಿ ಪಟ್ಟಿ ತರಿಸಿ. ಅತ್ತೆಯವರ ಹೆಸರು ನೋಡಿದ ಮೇಲೆ ಅದನ್ನು ಮಡಚಿ ಕೊಡಬೇಡಿ. ಅವರ ಪಕ್ಕದಲ್ಲೇ ಕುಳಿತು ನಿಮ್ಮ ಬೀದಿಯ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ. ಯಾರಿದ್ದಾರೆ, ಯಾರು ತೀರಿಕೊಂಡರು, ಯಾರು ಇದ್ದೂ ಪಟ್ಟಿಯಲ್ಲಿಲ್ಲ ಎಂದು ಅವರು ಹೇಳುತ್ತಾರೆ.